ನೀರು ಬಿಟ್ಟ ಸಾಲು

೨೦೧೯ರ ಜನವರಿ ೨೨, ಮಂಗಳವಾರ ಬೆಳಿಗ್ಗೆ ಏಳೂ ಕಾಲಿಗೆ ಅವಳು ಅಣ್ಣನ ಕಬ್ಬಿನ ಸಾಲಿನ ಮುಂದೆ ನಿಂತಾಗ ಗರಿಗಳು ಹಚ್ಚಗಿದ್ದವು. ಹಚ್ಚಗಿರಬಾರದಿತ್ತು.

ಅಣ್ಣ, ತಂಗಿ ಇಬ್ಬರೂ ಅದೇ ಸಂಶೋಧನಾ ಕೇಂದ್ರದ ತಳಿ ವಿಜ್ಞಾನಿಗಳು. ಕಾಂಡದಲ್ಲಿ ಸಕ್ಕರೆ ಬೇಗ ತುಂಬಿಸುವ ಜೀನುಗಳನ್ನು ಒಂದೇ ಗಿಡಕ್ಕೆ ತರಲು ಅಣ್ಣ ಹನ್ನೊಂದು ವರ್ಷ ಹೂವಿಗೆ ಹೂ ಕೂಡಿಸಿ, ಸಸಿ ಆರಿಸಿ, ಮಿಕ್ಕದ್ದನ್ನು ಕಿತ್ತೆಸೆದಿದ್ದ. ಉಳಿದದ್ದು ಈ ಒಂದೇ ಸಾಲು. ಇಂದು ಇದರ ರಸದ ಸಿಹಿ ಇಪ್ಪತ್ತು ಡಿಗ್ರಿ ದಾಟಿದರೆ ತಳಿ ಉಳಿಯುತ್ತದೆ. ಇಲ್ಲವಾದರೆ ನೇಗಿಲಿನ ಪಾಲು.

ಅಣ್ಣ ಆಸ್ಪತ್ರೆಯಲ್ಲಿದ್ದ. ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ಹೋದ ವಾರ, "ಒಂದ್ ಗುಟುಕು ನೀರು ಕೊಡೇ ಪುಟ್ಟಿ, ಡಾಕ್ಟರಿಗೆ ಹೇಳಲ್ಲ" ಎಂದಿದ್ದ. ಅಂದಿಗೆ ಅವನಿಗೆ ಕೊಡಬಹುದಾದ ನೀರು ಆಗಲೇ ಮುಗಿದಿತ್ತು. ಒದ್ದೆ ಹತ್ತಿಯಿಂದ ಅವನ ತುಟಿ ಒರೆಸಿ ಅವಳು ನೇರ ಹೊಲಕ್ಕೆ ಬಂದಿದ್ದಳು. ಕೊಯ್ಲಿಗೆ ಮುಂಚೆ ಕಬ್ಬನ್ನು ಬಾಯಾರಲು ಬಿಡಬೇಕು, ಆಗಲೇ ರಸದಲ್ಲಿ ಸಕ್ಕರೆ ಏರುವುದು. ವಿದ್ಯಾರ್ಥಿಗಳಿಗೆ ಅವಳೇ ಹೇಳಿಕೊಡುವ ಪಾಠ. ಆದರೆ ಸೊರಗಿದ ಗರಿ ಕಂಡು ನೀರಿನ ವಾಲ್ವ್ ತಿರುಗಿಸಿಬಿಟ್ಟಿದ್ದಳು.

"ಏನಮ್ಮಾ, ನಿಮ್ಮಣ್ಣನ ಸಾಲಿಗೆ ಮಾತ್ರ ಮಳೆ ಬಂತಾ?" ಕೇಂದ್ರದ ಮುಖ್ಯಸ್ಥರು ನಗುತ್ತಲೇ ಬಂದರು.

"ನೀರು ನಾನೇ ಬಿಟ್ಟೆ ಸರ್."

ಅವರ ನಗು ಇಳಿಯಿತು. ಗರಿಯೊಂದನ್ನು ಬೆರಳಲ್ಲಿ ಸವರಿದರು. "ಇನ್ನೊಂದ್ಸಲ ಬೆಳೆದು ನೋಡೋಣ ಅಂದ್ರೆ, ಮುಂದಿನ ವರ್ಷಕ್ಕೆ ಈ ಜಾಗ ಬೇರೆ ತಳಿಗೆ ಕೊಟ್ಟಾಯ್ತಲ್ಲಮ್ಮ. ಬಂದಷ್ಟು ಬರಿ."

ಬುಡ, ನಡು, ತುದಿ ಮೂರನ್ನೂ ಕೊಯ್ದು ರಸ ಬೆರೆಸಿದಳು. ಬುಡದ್ದಷ್ಟೇ ತೆಗೆದುಕೊಂಡಿದ್ದರೆ ಸಿಹಿ ಹೆಚ್ಚು ತೋರುತ್ತಿತ್ತು. ಸಿಹಿ ಅಳೆಯುವ ಕೊಳವೆಯ ಗಾಜಿನ ಮೇಲೆ ಹನಿ ಬಿಡುವಷ್ಟರಲ್ಲಿ ಫೋನ್ ಬಂತು.

"ಎಷ್ಟು ಬಂತೇ?" ಅಣ್ಣನ ದನಿ ಒಣಗಿತ್ತು.

"ಅಣ್ಣಾ, ನಾನು ನೀರು ಬಿಟ್ಟುಬಿಟ್ಟೆ ಕಣೋ."

"ಯಾವಾಗ?"

"ನೀನು ನೀರು ಕೇಳಿದ ದಿನ."

ಅವನು ಬೈದರೆ ಸಾಕಿತ್ತು.

"ಹೊಟ್ಟೆ ತುಂಬ ಕುಡೀತಾ?" ಎಂದ.

"ಕುಡೀತು."

"ಕುಡೀಲಿ ಬಿಡು. ಇದ್ದದ್ದು ಇದ್ದ ಹಾಗೆ ಹೇಳು ಪುಟ್ಟಿ. ನನ್ನ ಸಮಾಧಾನಕ್ಕೆ ಅಂತ ಒಂದು ದಶಾಂಶನೂ ಸೇರಿಸಬೇಡ."

ಕಣ್ಣೊರೆಸಿಕೊಂಡು ಕೊಳವೆಯೊಳಗೆ ನೋಡಿದರೂ ಅಳತೆಯ ಗೆರೆ ಮಂಜಾಗಿಯೇ ಇತ್ತು. ಗಾಜು ತೊಳೆದು ಹೊಸ ಹನಿ ಬಿಟ್ಟು, ಬೆಳಕಿಗೆ ಹಿಡಿದು ಓದಿ ಹೇಳಿದಳು.

೧೭.೬ ಡಿಗ್ರಿ.