ಸಿದ್ದಲಿಂಗಪ್ಪನ ಹದಿನೆಂಟು ಸಾವಿರ

ಹಿರಿಯಣ್ಣ ವಕೀಲರು ಪೆನ್ಸಿಲ್ ಕೆಳಗಿಟ್ಟು, "ಎರಡೂವರೆ ಸಾವಿರದ ಮೇಲೆ ಬರುತ್ತೆ" ಅಂದಾಗ ಸಿದ್ದಲಿಂಗಪ್ಪನಿಗೆ ಮೊದಲು ಅರ್ಥವೇ ಆಗಲಿಲ್ಲ.

"ಏನ್ ಬರತೈತ್ರಿ?"

"ತೆರಿಗೆ ಕಣ್ರೀ. ಮಾರ್ಚಿಯೊಳಗೆ ನೀವು ಕಟ್ಟಬೇಕಾದ ಇನ್‌ಕಮ್ ಟ್ಯಾಕ್ಸು."

ಸಿದ್ದಲಿಂಗಪ್ಪನ ಪಕ್ಕದಲ್ಲಿದ್ದ ಹೆಂಡತಿ ಕಾಶವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ವಡಾಲದಲ್ಲಿ ನೋಡಿಟ್ಟ ಬಾಡಿಗೆ ಖೋಲಿಗೆ ಮುಂಗಡವಾಗಿ ಪಗಡಿ ಹಣ ಕೊಡಲೆಂದು ಗಂಡ ಹೆಂಡತಿ ಹೊಟ್ಟೆಬಟ್ಟೆ ಕಟ್ಟಿ ಕೂಡಿಸಿದ್ದೂ ಹೆಚ್ಚುಕಡಿಮೆ ಅಷ್ಟೇ. ಅದು ಹೋದರೆ ಖೋಲಿಯೂ ಹೋಯಿತು. ಮತ್ತೆ ಧಾರಾವಿಯ ಸೀರೆ ಅಂಗಡಿ, ಅದರ ಮೇಲಿನ ಅದೇ ಅಟ್ಟದಲ್ಲಿ ಸಂಸಾರ.

"ಮುಂಬಯಿ ಸರ್ಕಾರಕ್ಕೂ ಬ್ಯಾರೆ ಕಟ್ಟಬೇಕೇನ್ರಿ?" ಎಂದು ಕೇಳುವಾಗ ಅವನ ದನಿ ಅರ್ಧಕ್ಕಿಳಿದಿತ್ತು.

"ಅದೊಂದಿಲ್ಲ, ನಿಮ್ಮ ಪುಣ್ಯ. ಈ ತೆರಿಗೆ ದಿಲ್ಲಿಯದು ಮಾತ್ರ. ಅಲ್ಲ ಸ್ವಾಮಿ, ಹದಿನೆಂಟು ಸಾವಿರ ಗಳಿಸ್ತೀನಿ ಅಂತ ಬರೆದುಕೊಡೋಕೆ ನಿಮಗೆ ಯಾರು ಹೇಳಿದರು?"

ಯಾರೂ ಹೇಳಿರಲಿಲ್ಲ. ಸಿದ್ದಲಿಂಗಪ್ಪ ಹುಟ್ಟಿ ಬೆಳೆದದ್ದು ಕೃಷ್ಣೆಯ ದಂಡೆಯ ಒಂದು ಪುಟ್ಟ ಸಂಸ್ಥಾನದಲ್ಲಿ. ಅಲ್ಲಿ ಆದಾಯ ತೆರಿಗೆಯ ಹೆಸರು ಕೇಳಿದವರೇ ಇರಲಿಲ್ಲ. ದಸರೆಗೆ ವ್ಯಾಪಾರಸ್ಥರೆಲ್ಲ ದರ್ಬಾರಿಗೆ ಹೋಗಿ, ಮಹಾರಾಜರ ದಯೆಯಿಂದ ಈ ವರ್ಷ ಇಷ್ಟು ಗಳಿಸಿದೆವು ಎಂದು ತಾವೇ ಸಾರಿ ಹೇಳಬೇಕು. ಕಾಣಿಕೆ ಮಾತ್ರ ಎಲ್ಲರದೂ ಒಂದು ಬೆಳ್ಳಿ ರೂಪಾಯಿ, ಒಂದು ತೆಂಗಿನಕಾಯಿ. ದೊಡ್ಡ ಮೊತ್ತ ಹೇಳಿದವನಿಗೆ ಮುಂದಿನ ಸಾಲಿನಲ್ಲಿ ಜಾಗ. ಹಾಗಾಗಿ ನೂರು ಗಳಿಸಿದವನು ಸಾವಿರ ಎನ್ನುವನು, ಸಾಲ ಮಾಡಿಕೊಂಡವನು ಎರಡು ಸಾವಿರ ಎನ್ನುವನು. ಎಲ್ಲರಿಗೂ ಸತ್ಯ ಗೊತ್ತಿತ್ತು, ಆದರೂ ಯಾರೂ ನಗುತ್ತಿರಲಿಲ್ಲ. ರಾಜನಿಗೂ ಸಂತೋಷ, ವ್ಯಾಪಾರಸ್ಥನಿಗೂ ಮರ್ಯಾದೆ.

ಸಂಸ್ಥಾನ ಹೋಗಿ ಏಳೆಂಟು ವರ್ಷವಾಗಿತ್ತು, ಸಿದ್ದಲಿಂಗಪ್ಪನ ತಲೆಯೊಳಗಿನ ದರ್ಬಾರು ಮಾತ್ರ ಬರಖಾಸ್ತಾಗಿರಲಿಲ್ಲ. ಸ್ವಂತ ಧಂದೆಯವರು ವರ್ಷದ ಗಳಿಕೆಯನ್ನು ತಾವೇ ಅಂದಾಜು ಮಾಡಿ ಸರ್ಕಾರಕ್ಕೆ ತಿಳಿಸಬೇಕಂತೆ ಎಂದು ಯಾರೋ ಅಂದದ್ದೇ ತಡ, ಅವನು ಹಿಗ್ಗಿ ಹೀರೇಕಾಯಿಯಾದ. ಪೋಸ್ಟಾಫೀಸಿನ ಮುಂದೆ ಕೂತು ಅರ್ಜಿ ಬರೆಯುವವನಿಂದ ಹದಿನೆಂಟು ಸಾವಿರ ಎಂದು ಬರೆಸಿ, ಸಹಿ ಹಾಕಿ ಕೊಟ್ಟೇಬಿಟ್ಟ. ಈಗ ರೂಪಾಯಿ ಕಟ್ಟಬೇಕೋ ಎರಡು ರೂಪಾಯಿ ಕಟ್ಟಬೇಕೋ ಕೇಳೋಣವೆಂದು, ಕೋಟು ತೊಟ್ಟು, ಹೆಂಡತಿಯನ್ನೂ ಕರೆದುಕೊಂಡು ಮಾಟುಂಗದಲ್ಲಿದ್ದ ಈ ವಕೀಲರ ಬಳಿಗೆ ಬಂದಿದ್ದ. ಎಂಥ ಪೆದ್ದ!

"ನಿಜವಾದ ಗಳಿಕೆ ಎಷ್ಟು?" ವಕೀಲರು ಕೇಳಿದರು.

ಸಿದ್ದಲಿಂಗಪ್ಪ ಬಾಗಿಲ ಕಡೆ ನೋಡಿದ. ಹೊರಗೆ ಯಾರೂ ಇರಲಿಲ್ಲ. "ನೇಕಾರರ ರೊಕ್ಕ, ಅಂಗಡಿ ಬಾಡಿಗಿ ಎಲ್ಲಾ ಕಳದ್ರ... ನಾಕ್ ಸಾವಿರದ ಒಳಗರಿ."

"ಹಾಗಾದ್ರೆ ಬದುಕಿದ್ರಿ! ಅಂದಾಜು ತಿದ್ದಿ ಕೊಡೋಕೆ ಇನ್ನೂ ಕಾಲ ಇದೆ. ಇಷ್ಟು ಸಣ್ಣ ವರಮಾನಕ್ಕೆ ತೆರಿಗೆಯೇ ಇಲ್ಲ."

ಕಾಶವ್ವನ ಮುಖ ಅರಳಿತು. ಸಿದ್ದಲಿಂಗಪ್ಪನದು ಕಪ್ಪಿಟ್ಟಿತು. ಮೊದಲ ಏಟು ಹಣಕ್ಕೆ ಬಿದ್ದಿತ್ತು, ಈ ಏಟು ನೇರ ಮುಖಕ್ಕೇ ಬಿತ್ತು.

"ಒಂದ್ ರೂಪಾಯಿನೂ ಬ್ಯಾಡಂತಾರೇನ್ರಿ? ಅಂದ್ರ ಸರ್ಕಾರ ನನ್ನ ಲೆಕ್ಕಕ್ಕೇ ಹಿಡಿಯೂದಿಲ್ಲಾ?"

"ಸಂತೋಷಪಡ್ರೀ!"

"ಇಷ್ಟ್ ಸಣ್ಣವ ಅಂತ ನನ್ನ ಕೈಯಾಗ್ ನಾನ ಬರಕೊಡ್ಲೇನ್ರಿ? ಹದಿನೆಂಟು ಸಾವಿರ ಅಂತ ಧಾರಾವಿ ತುಂಬ ಹೇಳಿಕೊಂಡೀನಿ. ಒಂದ್ ಐನೂರು ಟ್ಯಾಕ್ಸ್ ಬೀಳೂವಂಗರ ಬರೀರಿ ವಕೀಲ್ರ, ನಿಮ್ಮ ಕಾಲಿಗಿ ಬೀಳ್ತೀನಿ."

ತೆರಿಗೆ ತಪ್ಪಿಸಲು ಕಾಲಿಗೆ ಬಿದ್ದವರನ್ನು ಹಿರಿಯಣ್ಣ ಬೇಕಾದಷ್ಟು ಕಂಡಿದ್ದರು. ತೆರಿಗೆ ಹಾಕಿಸಿಕೊಳ್ಳಲು ಬೀಳುವವನು ಇವನೇ ಮೊದಲು.

ಪರರ ಮುಂದೆ ಗಂಡನಿಗೆ ಎದುರಾಡಿದವಳಲ್ಲ ಕಾಶವ್ವ. ಈಗ ಸೆರಗು ಸರಿಪಡಿಸಿಕೊಂಡು ಎದ್ದು ನಿಂತಳು.

"ವಕೀಲ್ರ, ಐನೂರು ಕಟ್ಟಿದ್ರ ಖೋಲಿ ಸಿಗೂದಿಲ್ರಿ. ಪಗಡಿಗಿ ರೊಕ್ಕ ಸಾಲೂದಿಲ್ಲ."

"ಕಾಶೀ, ಸುಮ್ಮನ ಕೂಡು. ಮರ್ಯಾದಿ ಪ್ರಶ್ನೆ ಐತಿ."

"ಮರ್ಯಾದೀನ ಹೇಳಾಕತ್ತೀನ್ರಿ." ಅವಳು ಕೂರಲಿಲ್ಲ. "ಆ ಅಟ್ಟದಾಗ ತಲಿ ಎತ್ತಿದ್ರ ಜಂತಿ ಬಡೀತೈತಿ. ಅಲ್ಲಿಗಿ ಬಂದ ದಿನದಿಂದ ನಾ ಮೊಣಕಾಲಮ್ಯಾಲ ಕುಂತ ಸೀರಿ ಉಡ್ತೀನಿ. ಒಂದ್ ದಿನಾನೂ ನೆಟ್ಟಗ ನಿಂತು ನಿರಿಗಿ ಹಿಡಿದಿಲ್ರಿ. ಸೀರಿ ಅಂಗಡಿ ಸಾವಕಾರನ ಹೆಂಡ್ತಿ ನಾ."

ಸಿದ್ದಲಿಂಗಪ್ಪ ದಂಗಾದ. ಅವನು ಬೆಳಗಾಗೆದ್ದು ಅಂಗಡಿಗೆ ಇಳಿದುಬಿಡುವವನು. ಗಿರಾಕಿ ಹೆಂಗಸರ ಎದುರು ಇಳಕಲ್ ಸೀರೆಗಳನ್ನು ಹರವಿ, ನಿರಿಗೆ ಎಷ್ಟು ಚೆಂದ ಕೂಡುತ್ತದೆ ನೋಡಿ ಎಂದು ದಿನವಿಡೀ ವರ್ಣಿಸುವವನು. ನೆತ್ತಿಯ ಮೇಲೆಯೇ ಹೆಂಡತಿ ಹೀಗೆ ಸೀರೆ ಉಡುತ್ತಿರುವುದು ಇಷ್ಟು ವರ್ಷ ಅವನಿಗೆ ಗೊತ್ತೇ ಇರಲಿಲ್ಲ. ಹೆಂಡತಿಯ ಮುಖ ನೋಡುವ ಧೈರ್ಯವಾಗದೆ ಮೇಜಿನ ಮೇಲಿದ್ದ ಪೆನ್ನು ಎತ್ತಿಕೊಂಡ.

"ಆ ನಾಕ್ ಸಾವಿರಕ್ಕ ಎಲ್ಲಿ ಸಹಿ ಮಾಡಬೇಕ್ರಿ ವಕೀಲ್ರ?"