ಹೊಸ್ತಿಲವರೆಗಿನ ಇಳಿಜಾರು

ಇದನ್ನು ಹೇಳಲು ನನಗೆಷ್ಟು ಹಕ್ಕಿದೆಯೋ ತಿಳಿಯದು. ತಪ್ಪಿದ್ದರೆ ಓದುವವರು ಕ್ಷಮಿಸಬೇಕು.

ಇಟ್ಟಿಗಿಯ ಜಂಬಕ್ಕ ನಡೆಯಲಾಗದ ತನ್ನ ಮಗಳು ರೋಜಾಳನ್ನು ಎತ್ತಿಕೊಂಡೇ ಮನೆಯ ಮೆಟ್ಟಿಲು ಇಳಿಸುತ್ತಿದ್ದಳು. ಜಂಬಕ್ಕನ ಬೆನ್ನು ಹಿಡಿದುಕೊಂಡ ಮೇಲೆ ಅದೂ ನಿಂತಿತು. ಗಾಲಿ ಕುರ್ಚಿಯಿದ್ದರೂ ರೋಜಾ ಒಳಗೇ ಉಳಿದಳು. ಊರಿನಲ್ಲೇ ನಡೆಯುವ ಹೊಲಿಗೆ ತರಗತಿ ತಪ್ಪಿತು. ಹಗರಿಬೊಮ್ಮನಹಳ್ಳಿಯ ನಾವು ಕೆಲವು ಗೆಳೆಯರು ರಜೆಯ ದಿನ ಹೋಗಿ, ಮೆಟ್ಟಿಲು ಕಿತ್ತು ಸಿಮೆಂಟಿನ ಇಳಿಜಾರು ಕಟ್ಟಿದೆವು. ಗ್ಯಾರೇಜಿನ ಮುಜೀಬ ನಮಗೆ ಮುಂದಾಳು. ದಿನಾ ಅರಿಶಿನ ಕುಂಕುಮ ಹಚ್ಚುವ ಕಲ್ಲಿನ ಹೊಸ್ತಿಲಿಗೆ ಸಿಮೆಂಟು ತಾಗಬಾರದೆಂದು ಅವನೇ ಎಚ್ಚರ ವಹಿಸಿ, ಕೆಲಸವನ್ನು ಅದರ ಬುಡಕ್ಕೇ ನಿಲ್ಲಿಸಿದ.

ಸಿಮೆಂಟು ಗಟ್ಟಿಯಾದ ಮೇಲೆ ಮತ್ತೆ ಹೋದೆವು. ರೋಜಾ ಒಳಗಿನಿಂದ ಕುರ್ಚಿ ತಳ್ಳಿಕೊಂಡು ಬಂದಳು. ಗಾಲಿ ಹೊಸ್ತಿಲಿಗೆ ಬಡಿದು ನಿಂತಿತು. ಮುಜೀಬ ಹೊಸ್ತಿಲ ಮೇಲೆ ಹಲಗೆ ಇಡಲು ಹೋದ.

“ಬ್ಯಾಡ್ರಿ ಮುಜೀಬಣ್ಣ, ಹೊಸ್ತಿಲ ತುಳಿಯಂಗಿಲ್ಲ. ಗಾಲಿ ಹತ್ತಿಸಿದ್ರೂ ತುಳಿದಂಗ” ಎಂದಳು ಜಂಬಕ್ಕ.

“ದಾಟಾಕ ಕಾಲು ಬಂದಿದ್ರ ನಾನೂ ತುಳೀತಿರಲಿಲ್ಲ ಬಿಡವ್ವ” ಎಂದಳು ರೋಜಾ.

ಜಂಬಕ್ಕ ಸೆರಗಿನಿಂದ ಹೊಸ್ತಿಲ ಧೂಳು ಒರೆಸಿದಳು. ಮುಜೀಬ ಹಲಗೆಯನ್ನು ಗೋಡೆಗೆ ಆನಿಸಿಟ್ಟ. ಬೇರೆಯವರ ದೇವರ ವಿಷಯದಲ್ಲಿ ಬಾಯಿ ಹಾಕಲು ಅವನಿಗೆ ಅಂಜಿಕೆ. ನನಗೆ ಎಲ್ಲ ವಿಷಯದಲ್ಲೂ ಅಂಜಿಕೆ. ಚಹಾ ಕುಡಿದು ಬಂದುಬಿಟ್ಟೆವು.

ಮೊನ್ನೆ ಬಸ್ಸಿನಲ್ಲಿ ಆ ಕಡೆ ಹೋಗುವಾಗ ನೋಡಿದೆ. ಇಳಿಜಾರಿನ ತುಂಬ ಮೆಣಸಿನಕಾಯಿ ಒಣಹಾಕಿದ್ದರು. ರೋಜಾ ಒಮ್ಮೆಯಾದರೂ ಅದರ ಮೇಲೆ ಇಳಿದು ಹೊರಗೆ ಬಂದಳೋ ಇಲ್ಲವೋ, ನನಗೆ ಗೊತ್ತಿಲ್ಲ.