ಗೋಣು ಹಾಕಿದ ಗಳಿಗೆ

ಹೊನ್ನೇಶ ಸತ್ತು ಹದಿನಾಲ್ಕು ತಿಂಗಳಾದ ಮೇಲೆ ಅವನ ತಾಯಿ ಅನ್ನಪೂರ್ಣ ವಿಮಾನ ಹಾರಿಸುವುದನ್ನು ಕಲಿಯಲು ಬಂದಳು. ಮುಂಡರಗಿಯಲ್ಲಿ ಬೀಜದ ಅಂಗಡಿ ನಡೆಸುವ ನಲವತ್ತಾರರ ಹೆಂಗಸು. ಶಿರಹಟ್ಟಿ ದಾರಿಯಲ್ಲಿ ಖಾಸಗಿಯವರ ರನ್‌ವೇ ಇತ್ತು. ಅದರ ಪಕ್ಕದ ತಗಡಿನ ಶೆಡ್ಡಿಗೆ ಬಂದವಳು ತುಂಬಿದ ಅರ್ಜಿಯನ್ನೂ ಡಾಕ್ಟರ ಸರ್ಟಿಫಿಕೇಟನ್ನೂ ಮೇಜಿನ ಮೇಲಿಟ್ಟು ನಿಂತಳು.

“ಕಲಸ್ತೀರೇನ್ರಿ ಸರ್?”

ಮೇಜಿನಾಚೆ ಕೂತಿದ್ದ ಶಿಕ್ಷಕ ಮೈಲಾರಲಿಂಗಪ್ಪ ಅರ್ಜಿಯನ್ನು ಮುಟ್ಟಲಿಲ್ಲ. ಅವಳ ಮಗನಿಗೆ ಕಲಿಸಿದವನು ಅವನೇ. ವಿಮಾನ ಬಿದ್ದು ಮಗ ಸತ್ತ ದಿನ ಪಕ್ಕದ ಸೀಟಿನಲ್ಲಿ ಕೂತಿದ್ದವನೂ ಅವನೇ. ಅವನಿಗೆ ಮೊಣಕಾಲು ಮುರಿದಿತ್ತು, ಅಷ್ಟೇ. ಹುಡುಗ ಗಾಬರಿಬಿದ್ದು ವಿಮಾನ ನಡೆಸುವ ಕೋಲನ್ನು ಬಿಗಿಯಾಗಿ ಹಿಡಿದುಬಿಟ್ಟ, ತಾನು ಬಿಡಿಸಿಕೊಳ್ಳುವಷ್ಟರಲ್ಲಿ ನೆಲ ಬಂತು ಎಂದು ತನಿಖೆಯವರ ಮುಂದೆ ಹೇಳಿ ಸಹಿ ಮಾಡಿದ್ದ. ಅವರೂ ಹಾಗೆಯೇ ಬರೆದುಕೊಂಡಿದ್ದರು.

“ಬ್ಯಾಡ್ರಿ ಅಕ್ಕಾರ. ನಿಮಗ ತ್ರಾಸ ಆಕ್ಕೈತಿ.”

“ತ್ರಾಸ ನಂದು. ಕಲಸೂದು ನಿಮ್ದು.”

ಇಲ್ಲವೆನ್ನಲು ಅವನಲ್ಲಿ ಕಾರಣವಿರಲಿಲ್ಲ. ಇದ್ದ ಒಂದೇ ಕಾರಣ ಬಾಯಿಬಿಟ್ಟು ಹೇಳುವಂಥದ್ದಲ್ಲ.

ಹುಡುಗ ಸತ್ತ ದಿನದಿಂದ ಮೈಲಾರಲಿಂಗಪ್ಪ ಗೋಣು ಹಾಕುವುದನ್ನೇ ಬಿಟ್ಟಿದ್ದ. ಇನ್ನೊಂದು ರೊಟ್ಟಿ ಹಾಕಲೇ ಎಂದು ಹೆಂಡತಿ ಅಮೃತವ್ವ ಕೇಳಿದರೆ, ತಲೆಯಾಡಿಸದೆ “ಹಾಕು” ಎಂದು ಬಾಯಿಬಿಟ್ಟೇ ಹೇಳುತ್ತಿದ್ದ. ಕುತ್ತಿಗೆ ನೋವಿರಬೇಕೆಂದು ಅವಳು ಎಣ್ಣೆ ಕಾಯಿಸಿ ಕೊಟ್ಟಿದ್ದಳು. ಇಳಿಯುವಾಗ ಖಾಲಿ ರನ್‌ವೇಯ ಮೇಲೆ ಅವನಿಗೆ ಕುರಿಗಳು ಕಾಣುತ್ತಿದ್ದವು. ಕಣ್ಣು ಮುಚ್ಚಿ ತೆರೆದರೆ ಇರುತ್ತಿರಲಿಲ್ಲ. ಎಂಜಿನ್ನಿನ ಸದ್ದಿನೊಳಗಿಂದ ಕಿವಿಯ ಹೆಡ್‌ಫೋನಿನಲ್ಲಿ ಒಮ್ಮೊಮ್ಮೆ ಹುಡುಗನ ದನಿ ಸ್ಪಷ್ಟವಾಗಿ ಕೇಳುತ್ತಿತ್ತು: “ಸರ್, ನೀವು ತಗೊಂಡ್ರೇನ್ರಿ?”

ಈಗ ಆ ದನಿಯ ತಾಯಿಯೇ ಪಕ್ಕದಲ್ಲಿ ಕೂತಳು. ಅದೇ ಜಾತಿಯ ಇನ್ನೊಂದು ಪುಟ್ಟ ವಿಮಾನ, ಅದೇ ಎಡಗಡೆಯ ಸೀಟು, ಎರಡೂ ಸೀಟಿಗೆ ಒಂದೊಂದು ಕೋಲು.

ಅವಳು ಹುಡುಗರಿಗಿಂತ ಚೆನ್ನಾಗಿ ಕಲಿತಳು. ಹತ್ತುವ ಮುಂಚೆ ಟ್ಯಾಂಕಿನಲ್ಲಿ ಕಡ್ಡಿ ಇಳಿಸಿ ಇಂಧನವನ್ನು ಕಣ್ಣಾರೆ ನೋಡುವಳು. ಅಡ್ಡಗಾಳಿ ಬಿರುಸಾಗಿದ್ದರೆ “ಇವತ್ತ ಬ್ಯಾಡ್ರಿ” ಎಂದು ತಾನೇ ಹಿಂದಿರುಗುವಳು. ವಿಮಾನದ ಹಿಡಿತ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಮೂರು ಮಾತು ಆಗಬೇಕು. ಕೊಡುವವರು ‘ನಿಮ್ಮ ಕಡಿ’ ಎನ್ನಬೇಕು, ಹಿಡಿದವರು ‘ತಗೊಂಡೆ’ ಎನ್ನಬೇಕು, ಕೊಟ್ಟವರು ‘ಖರೆ, ನಿಮ್ಮ ಕಡಿ’ ಎಂದ ಮೇಲೆಯೇ ಕೈ ಬಿಡಬೇಕು. ಇದನ್ನು ಅವನು ಹೇಳಿಕೊಡುವ ಮೊದಲೇ ಅವಳು ಮಾಡಿದಳು.

“ಯಾರು ಕಲಿಸಿದ್ರಿ ಇದನ್ನ?”

“ಹೊನ್ನೇಶ. ಲಟ್ಟಣಿಗಿ ಹಿಡ್ಕೊಂಡು ಅಡಗಿಮನ್ಯಾಗ ಕಲಿಸಿದ್ದ. ಮೂರೂ ಮಾತು ಆಗೂತನಾ ಲಟ್ಟಣಿಗಿ ಬಿಡ್ತಿದ್ದಿಲ್ಲ.”

ಮೈಲಾರಲಿಂಗಪ್ಪ ಕಿಟಕಿಯಾಚೆ ನೋಡಿದ.

ಹನ್ನೆರಡನೆಯ ಪಾಠ ಜನವರಿಯ ಒಂದು ಮುಂಜಾನೆ ನಡೆಯಿತು. ಕೆಳಗೆ ಕಣಗಳಲ್ಲಿ ಒಣಹಾಕಿದ ಮೆಣಸಿನಕಾಯಿ ಕೆಂಪು ಜಮಖಾನೆಯಂತೆ ಕಾಣುತ್ತಿತ್ತು. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಮೆಲ್ಲಗೆ ತಿರುಗುತ್ತಿದ್ದವು. ದೂರದಲ್ಲಿ ಹಮ್ಮಿಗಿಯ ಹೊಳೆ ಮಿಂಚುತ್ತಿತ್ತು. ಕೋಲು ಅವಳ ಕೈಯಲ್ಲಿತ್ತು. ಅವನು ಹೊಳೆ ನೋಡುತ್ತ ಕೂತ.

ಸ್ವಲ್ಪ ಹೊತ್ತಿಗೆ ವಿಮಾನದ ಮೂತಿ ಮೇಲೇರತೊಡಗಿತು. ನಿಧಾನ ಹಾರುವುದನ್ನು ಅಭ್ಯಾಸ ಮಾಡುತ್ತಿರಬೇಕು ಅಂದುಕೊಂಡ. ಗಾಳಿಯ ಸದ್ದು ಕ್ಷೀಣಿಸಿತು. ಎಡರೆಕ್ಕೆ ವಾಲಿತು. ತಿರುಗಿ ನೋಡಿದರೆ ಅವಳ ಎರಡೂ ಕೈ ಮಡಿಲಲ್ಲಿದ್ದವು. ಅವನ ಕೈಗಳು ಅವನ ತೊಡೆಯ ಮೇಲಿದ್ದವು.

“ಅಕ್ಕಾರ!”

ಕೋಲನ್ನು ಮುಂದಕ್ಕೆ ದೂಡಿ ಎಂಜಿನ್ ಪೂರ್ತಿ ತೆರೆದ. ವಿಮಾನ ಮುನ್ನೂರು ಅಡಿ ಕುಸಿದು ಸಾವರಿಸಿಕೊಂಡಿತು.

“ಹುಚ್ಚ ಹಿಡದೈತೇನ್ರಿ ನಿಮಗ?”

“ಮೂರು ಸಾವಿರ ಅಡಿ ಮ್ಯಾಲ ಅದೇವಿ. ಬಿದ್ರೂ ಎತ್ತಾಕ ಜಾಗಾ ಐತಿ. ಅದನ್ನ ನೋಡೇ ಕೈ ಬಿಟ್ಟೆ.” ಅವಳ ದನಿ ನಡುಗಲಿಲ್ಲ. “ಆರು ಎಣಿಸಿದೆ ಸರ್. ಆರರ ತನಾ ನಿಮಗ ಗೊತ್ತಾಗಲಿಲ್ಲ.”

ಅವನು ಎಂಜಿನ್ನಿನ ವೇಗ ಇಳಿಸಿದ.

“ನನ್ನ ಮಗ ಮನಿಗೆ ಬಂದು ಹೇಳ್ತಿದ್ದ. ‘ಯವ್ವಾ, ನಮ್ಮ ಸರ್ ಒಮ್ಮೊಮ್ಮೆ ಬಾಯಿಲೆ ಹೇಳೂದಿಲ್ಲ, ಬರೇ ಗೋಣು ಹಾಕ್ತಾರ’ ಅಂತಿದ್ದ. ನೀವು ನೋಡಿದ್ರ ಬಿಗಿ ಹಿಡದ ಅಂದ್ರಿ. ಹಿಡದಿದ್ನೋ, ಬಿಟ್ಟಿದ್ನೋ?”

ಹೊನ್ನೇಶ ಸತ್ತ ದಿನ ಇಳಿಯಲು ತಿರುಗುವಾಗ ನೆಲ ತೀರಾ ಹತ್ತಿರವಿತ್ತು. ರನ್‌ವೇಗೆ ಅಡ್ಡಲಾಗಿ ಕುರಿಹಿಂಡು ನುಗ್ಗಿತ್ತು. ಮೈಲಾರಲಿಂಗಪ್ಪ ಮುಂದಕ್ಕೆ ಬಾಗಿ ಕೈಚಾಚಿ ತೋರಿಸಿದ್ದ. ಸರ್ ಕೋಲು ಹಿಡಿಯಲು ಬಾಗಿದರೆಂದು ತಿಳಿದ ಹುಡುಗ ಕೇಳಿದ್ದ: ನೀವು ತಗೊಂಡ್ರೇನ್ರಿ?

“ಬಿಟ್ಟಿದ್ದ,” ಎಂದ ಮೈಲಾರಲಿಂಗಪ್ಪ. “ನಾ ಗೋಣು ಹಾಕಿದೆ. ಕುರಿ ನೋಡ್ಕೋತ, ಅಂವಾ ಏನ್ ಕೇಳಿದಾ ಅನ್ನೂದರ ಖಬರಿಲ್ಲದ ಹಾಕಿದೆ. ನನ್ನ ನಂಬಿ ಅಂವಾ ಬಿಟ್ಟ. ನಾ ಹಿಡೀಲಿಲ್ಲ. ನಾಕು ಸೆಕೆಂಡು ವಿಮಾನ ಯಾರ ಕೈಯಾಗೂ ಇರಲಿಲ್ಲ ಅಕ್ಕಾರ. ತಪ್ಪು ನಂದು. ಸತ್ತಾಂವನ ಮ್ಯಾಲ ಹಾಕಿದೆ.”

ಅವಳು ಅಳಲಿಲ್ಲ, ಬೈಯಲಿಲ್ಲ. ಕೈಯನ್ನು ಮಡಿಲಿನಿಂದ ಎತ್ತಿದಳು.

“ಕೊಡ್ರಿ ಇಲ್ಲೆ.”

“ನಿಮ್ಮ ಕಡಿ.”

“ತಗೊಂಡೆ.”

“ಖರೆ... ನಿಮ್ಮ ಕಡಿ.”

ಅವನು ವೇಗ, ಎತ್ತರ ಹೇಳುತ್ತಾ ಹೋದ. ಅವಳೇ ಇಳಿಸಿದಳು. ಎರಡು ಸಲ ಪುಟಿದರೂ ವಿಮಾನ ನೆಟ್ಟಗೆ ನಿಂತಿತು.

ಅಂದೇ ಅವನು ತನಿಖೆಯವರಿಗೆ ಇದ್ದದ್ದನ್ನು ಇದ್ದಂತೆ ಬರೆದ. ಕಲಿಸುವ ಪರವಾನಗಿ ಹೋಯಿತು. ಮುಂದೆ ಕೋರ್ಟು ಕಚೇರಿಯ ಅಲೆದಾಟವೂ ಇತ್ತು. ವರದಿಯಲ್ಲಿ ಹೊನ್ನೇಶನ ಹೆಸರಿನ ಮುಂದಿದ್ದ ತಪ್ಪನ್ನು ಹೊಡೆದುಹಾಕಿದರು. ಅಮೃತವ್ವ ಎಂಟು ದಿನ ಗಂಡನನ್ನು ಮಾತಾಡಿಸಲಿಲ್ಲ. ರನ್‌ವೇಯ ಮಾಲಕರು ಹಳೆಯ ಋಣಕ್ಕೆ ಬೇಲಿ ಕಾಯುವ ಕೆಲಸ ಕೊಟ್ಟರು. ಅನ್ನಪೂರ್ಣ ಅವನನ್ನು ಕ್ಷಮಿಸಿದೆ ಎನ್ನಲಿಲ್ಲ. ಕೇಳುವ ಧೈರ್ಯ ಅವನಿಗೂ ಬರಲಿಲ್ಲ. ಹೊಸದಾಗಿ ಬಂದ ಸುಶ್ಮಿತಾ ಎಂಬ ಶಿಕ್ಷಕಿಯ ಹತ್ತಿರ ಅವಳು ಕಲಿಕೆ ಮುಂದುವರಿಸಿದಳು.

ಏಪ್ರಿಲಿನಲ್ಲಿ ಒಂದು ದಿನ ಸುಶ್ಮಿತಾ ವಿಮಾನದಿಂದ ಇಳಿದು, ಖಾಲಿ ಸೀಟಿನ ಪಟ್ಟಿ ಸಡಿಲ ಬಿದ್ದು ಕೋಲಿಗೆ ಸಿಕ್ಕಬಾರದೆಂದು ಬಿಗಿದು ಕಟ್ಟಿ, ಬಾಗಿಲು ಹಾಕಿದಳು. ಅನ್ನಪೂರ್ಣ ಮೊದಲ ಸಲ ಒಬ್ಬಳೇ ಹಾರಿದಳು. ಮೈಲಾರಲಿಂಗಪ್ಪ ಬೇಲಿಯ ಹತ್ತಿರ ನಿಂತು, ಒಂದು ಸುತ್ತು ಹಾಕಿ ಅವಳು ಇಳಿಯುವ ತನಕ ನೋಡುತ್ತಿದ್ದ.

ಎಂಜಿನ್ ನಿಂತಿತು. ಅವಳು ಇಳಿದು ನೇರ ಶೆಡ್ಡಿಗೆ ಹೋಗಲಿಲ್ಲ. ಸುತ್ತು ಹಾಕಿ ಆಚೆಬದಿಗೆ ಹೋಗಿ ಬಾಗಿಲು ತೆರೆದಳು. ಒಳಗೆ ಬಾಗಿ ಖಾಲಿ ಸೀಟಿನ ಪಟ್ಟಿ ಬಿಚ್ಚಿದಳು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ಒಳಗಿದ್ದವನು ಇಳಿಯಲೆಂಬಂತೆ ದಾರಿಬಿಟ್ಟು ನಿಂತಳು.

ಸಾಕಷ್ಟು ಹೊತ್ತು ನಿಂತು, ಬಾಗಿಲು ಮುಚ್ಚಿದಳು.